ಒರೆಸದೆ ಬಿಟ್ಟ ಗಾಜು

ನಮ್ಮಿಬ್ಬರ ಕಥೆ ಶುರುವಾಗಿದ್ದು ಒಂದು ಕಂಪ್ಲೇಂಟಿನಿಂದ. ಬರೆದವಳು ನಾನೇ.

ಆಗ ನನಗೆ ಮೂವತ್ತೊಂದು. ಕಿಟಕಿ ಪರದೆ, ಹಾಸಿಗೆ ಹೊದಿಕೆಗಳ ಬಟ್ಟೆಗೆ ಚಿತ್ತಾರ ಬರೆದುಕೊಡುವ ಕೆಲಸ. ನಾಲ್ಕನೇ ಮಹಡಿ, ಪಶ್ಚಿಮದ ಕಿಟಕಿ, ದೊಡ್ಡ ಮೇಜು. ಎಂಟು ತಿಂಗಳಿಂದ ಆ ಮೇಜಿನ ಮೇಲೆ ಗುಲಾಬಿ ಬಿಟ್ಟು ಬೇರೇನೂ ಹುಟ್ಟಿರಲಿಲ್ಲ. ಕೆಂಪು ಗುಲಾಬಿ, ಹಳದಿ ಗುಲಾಬಿ, ತೀರಾ ಬೇಸರ ಬಂದಾಗ ನೀಲಿ ಗುಲಾಬಿ.

"ಮೇಡಮ್," ಎಂದರು ಮ್ಯಾನೇಜರ್, "ಜನ ಇನ್ನೂ ಎಷ್ಟು ದಿನ ಗುಲಾಬಿ ಮೇಲೇ ಮಲಗ್ಬೇಕು? ಶುಕ್ರವಾರದೊಳಗೆ ಹೊಸದೊಂದು ಕೊಡಿ. ಇಲ್ಲಾಂದ್ರೆ... ಪ್ಯಾಕಿಂಗ್ ಸೆಕ್ಷನ್‌ನಲ್ಲಿ ಜನ ಬೇಕಂತೆ."

ಮಾತು ಮೆತ್ತಗಿತ್ತು. ಅರ್ಥ ಮೆತ್ತಗಿರಲಿಲ್ಲ. ಚಿತ್ರ ಬರೆಯುವುದು ಬಿಟ್ಟರೆ ನನಗೆ ಬೇರೆ ಗೊತ್ತಿರಲಿಲ್ಲ. ಈಗ ಅದೂ ಬರುತ್ತಿರಲಿಲ್ಲ. ಸಿಟ್ಟು ತೀರಿಸಿಕೊಳ್ಳಲು ಏನಾದರೂ ಬೇಕಿತ್ತು. ಕಿಟಕಿ ಸಿಕ್ಕಿತು.

ಪ್ರತಿ ಸೋಮವಾರ ಒಬ್ಬ ಹಲಗೆಯ ಮೇಲೆ ಕೂತು, ಹಗ್ಗದಲ್ಲಿ ಇಳಿಯುತ್ತ, ಹೊರಗಿನಿಂದ ಗಾಜು ತೊಳೆಯುತ್ತಿದ್ದ. ನಾನಾಗ ವಾಸವಿದ್ದದ್ದು ಅಣ್ಣ-ಅತ್ತಿಗೆಯ ಮನೆಯಲ್ಲಿ. ಅತ್ತಿಗೆ ಅವನ ವಿಷಯ ಕೇಳಿ 'ಜೋಕಾಲಿ' ಎಂದು ಹೆಸರಿಟ್ಟಿದ್ದರು. ಆ ಜೋಕಾಲಿ ಎರಡು ವಾರದಿಂದ ಎಲ್ಲ ಗಾಜನ್ನೂ ಫಳಫಳ ಮಾಡಿ, ನನ್ನ ಮೇಜಿನ ಎದುರಿನದೊಂದನ್ನು ಹಾಗೇ ಬಿಟ್ಟಿದ್ದ. ಅದರ ಮೇಲೆ ಬೂದಿ ಬಣ್ಣದ ಕೊಳೆ. ಮಂಗಳವಾರ ಮ್ಯಾನೇಜರಿಗೆ ಬರೆದುಕೊಟ್ಟೆ.

ಬುಧವಾರ ನಾಲ್ಕಕ್ಕೆ ಸ್ವಲ್ಪ ಮುಂಚೆ ಗಾಜಿನ ಮೇಲೆ ಟಕಟಕ ಸದ್ದು. ಜೋಕಾಲಿ. ಪಕ್ಕದ ಕಿಟಕಿ ತೆಗೆಯಿರಿ ಎಂದು ಸನ್ನೆ ಮಾಡಿದ.

"ಇದನ್ನ ಒರೆಸೋಕೆ ಬಂದಿದೀನಿ. ಯಾರೋ ಕಂಪ್ಲೇಂಟ್ ಕೊಟ್ಟಿದಾರೆ."

"ಹೌದಾ? ಯಾರಂತೆ?" ಎಂದೆ, ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಚೂಪು ಮಾಡುತ್ತ.

"ಗೊತ್ತಿಲ್ಲ. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು."

ಹೇಳುವಾಗ ಅವನು ನನ್ನ ಕೈಯನ್ನೇ ನೋಡುತ್ತಿದ್ದ. ಪೆನ್ಸಿಲ್ ಕೆಳಗಿಟ್ಟೆ.

"ಅದಕ್ಕೇ ನಾಳೆಯಿಂದ ನನ್ನ ಬೇರೆ ಕಟ್ಟಡಕ್ಕೆ ಹಾಕಿದಾರೆ. ಇರ್ಲಿ ಬಿಡಿ. ಇನ್ನೆರಡು ನಿಮಿಷ ಬಿಟ್ಟು ಒರೆಸ್ಲಾ? ಬಿಸಿಲು ಇಲ್ಲಿಗೆ ಬರಲಿ. ಆ ಕುರ್ಚಿಯಿಂದ ಸರಿಯಾಗಿ ಕಾಣಲ್ಲ, ಈ ಕಡೆ ಬನ್ನಿ."

ಹೋದೆ. ಬಿಸಿಲು ಓರೆಯಾಗಿ ಬಂದು ಗಾಜನ್ನು ಮುಟ್ಟಿತು.

ಅದು ಕೊಳೆಯಾಗಿರಲಿಲ್ಲ. ಎರಡು ರೆಕ್ಕೆ, ಪೂರ್ತಿ ಬಿಚ್ಚಿಕೊಂಡವು. ಒಂದೊಂದು ಗರಿಯೂ ಬೇರೆ ಬೇರೆ, ಗರಿಯ ನಡುವಿನ ಕಡ್ಡಿಯೂ ಎಣಿಸಬಹುದು. ಯಾರೋ ಉಸಿರು ಬಿಗಿಹಿಡಿದು ಪುಡಿಯಲ್ಲಿ ಬರೆದ ಹಾಗೆ.

"ಪಾರಿವಾಳ," ಎಂದ ಅವನು. "ನೀವು ಊಟಕ್ಕೆ ಹೋಗಿದ್ದಾಗ, ಗಾಜಲ್ಲಿ ಕಂಡಿದ್ದನ್ನ ಆಕಾಶ ಅಂದ್ಕೊಂಡು ಬಡ್ಕೊಳ್ತು. ಮೈಮೇಲಿನ ಪುಡಿ ಹೀಗೆ ಅಂಟ್ಕೊಂಡಿದೆ."

"ಸತ್ತೋಯ್ತಾ?"

"ಇಲ್ಲಪ್ಪ. ಕೆಳಗಿನ ಕಿಟಕಿ ಸಜ್ಜೆ ಮೇಲೆ ಬಿದ್ದಿತ್ತು. ಟವಲ್‌ನಲ್ಲಿ ಸುತ್ತಿ ಅರ್ಧ ಗಂಟೆ ತೊಡೆ ಮೇಲೆ ಇಟ್ಕೊಂಡಿದ್ದೆ. ಆಮೇಲೆ ನನ್ನ ಪ್ಯಾಂಟ್ ಮೇಲೆ ಗಲೀಜು ಮಾಡಿ ಹಾರೋಯ್ತು. ಅವಕ್ಕೆ ಥ್ಯಾಂಕ್ಸ್ ಹೇಳೋ ಕ್ರಮ ಅದೇ ಇರ್ಬೇಕು."

ನಕ್ಕುಬಿಟ್ಟೆ. ಎಂಟು ತಿಂಗಳಲ್ಲಿ ಆ ಕೋಣೆಯಲ್ಲಿ ನಾನು ನಕ್ಕ ನೆನಪಿಲ್ಲ.

"ಎರಡು ಸಾರಿ ಬಟ್ಟೆ ಎತ್ತಿದೆ, ಒರೆಸೋಕೆ ಮನಸ್ಸಾಗ್ಲಿಲ್ಲ. ಒಳಗೆ ಚಿತ್ರ ಬರೆಯೋರು ಕೂತಿದಾರೆ, ಇವತ್ತಲ್ಲ ನಾಳೆ ತಲೆ ಎತ್ತಿ ನೋಡ್ತಾರೆ ಅಂತ ಬಿಟ್ಟೆ."

ಹದಿನೈದು ದಿನ, ನನ್ನ ಮೂಗಿನ ಮುಂದೆ. ನಾನು ತಲೆ ಬಗ್ಗಿಸಿ ಗುಲಾಬಿ ಬರೆಯುತ್ತಿದ್ದೆ.

"ಒರೆಸ್ಬೇಡಿ."

"ಒರೆಸ್ಲೇಬೇಕು. ಐದಕ್ಕೆ ಸೂಪರ್‌ವೈಸರ್ ಬಂದು ನೋಡ್ತಾರೆ." ಕಾಲಿನಿಂದ ಗೋಡೆಯನ್ನು ಒತ್ತಿ, ಬಿಸಿಲಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದ. "ಐದರವರೆಗೆ ಇಲ್ಲೇ ತೂಗಾಡ್ತಿರ್ತೀನಿ. ನೀವು ಬರೀರಿ."

ಬರೆದೆ. ಮೊದಲ ಗೆರೆ ಅಳಿಸಿದೆ, ಆಮೇಲೆ ಕೈ ತಾನಾಗಿ ಓಡಿತು.

"ಎಡಗಡೆ ತುದೀಲಿ ಒಂದು ಗರಿ ಬಿಟ್ರಿ."

"ಸುಮ್ನಿರಿ ಸ್ವಲ್ಪ."

"ಸುಮ್ನೇ ಇದೀನಲ್ಲ. ತೂಗಾಡ್ತಿದೀನಿ ಅಷ್ಟೆ."

ಐದಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ಹಾಳೆಯನ್ನು ಎತ್ತಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಒದ್ದೆ ಬಟ್ಟೆ ತೆಗೆದು ಒಂದೇ ಸಲಕ್ಕೆ ಒರೆಸಿದ. ರೆಕ್ಕೆ ಹೋಯಿತು, ಅದಿದ್ದ ಜಾಗದಲ್ಲಿ ಅವನ ಮುಖ ನಿಚ್ಚಳವಾಗಿ ಕಂಡಿತು. ನಾನು ಏನಾದರೂ ಹೇಳುವಷ್ಟರಲ್ಲಿ ಹಗ್ಗ ಸಡಿಲಿಸಿಕೊಂಡು ಕೆಳಗಿಳಿದಿದ್ದ.

"ಹೆಸರಾದ್ರೂ ಕೇಳಿದ್ಯಾ?" ಎಂದರು ಅತ್ತಿಗೆ, ರಾತ್ರಿ ಮನೆಯಲ್ಲಿ.

"ಇಲ್ಲ."

"ಪುಣ್ಯಾತ್ಗಿತ್ತಿ! ಗರಿ ಎಣಿಸ್ಕೊಂಡು ಬಂದಿದೀಯ, ಹೆಸರು ಕೇಳ್ಲಿಲ್ವಾ?"

ಶುಕ್ರವಾರ ಮ್ಯಾನೇಜರ್ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು. "ಪ್ಯಾಕಿಂಗ್‌ನವರಿಗೆ ಬೇರೆ ಯಾರನ್ನಾದ್ರೂ ಹುಡ್ಕೊಳ್ಳಿ ಅಂತೀನಿ," ಎಂದರು. ನಾನು ಅಲ್ಲೇ ಇನ್ನೊಂದು ಪತ್ರ ಕೊಟ್ಟೆ: ಕಂಪ್ಲೇಂಟ್ ವಾಪಸ್, ನೋಡದೆ ಹೋದದ್ದು ನನ್ನ ತಪ್ಪು. ಆದರೆ ಸೋಮವಾರ ಹಗ್ಗದಲ್ಲಿ ಇಳಿದವನು ಬೇರೆಯವನು.

ಮೂರು ವಾರ ಕಳೆಯಿತು. ಅಷ್ಟರಲ್ಲಿ ನನಗೊಂದು ಹುಚ್ಚು ಹತ್ತಿತ್ತು. ಟೀ ಲೋಟ ಮೇಜಿನ ಮೇಲೆ ಬಿಡುವ ಉಂಗುರ, ಅತ್ತಿಗೆ ಒಣಹಾಕಿದ ಸೀರೆಯ ನೆರಳು, ಬಸ್ಸಿನ ಸೀಟಿನ ಸವೆದ ಹೊಲಿಗೆ, ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದೆ. ಪ್ರತಿ ಹಾಳೆ ಮುಗಿದಾಗಲೂ ತಲೆ ಎತ್ತಿ ಕಿಟಕಿ ನೋಡುತ್ತಿದ್ದೆ. ಯಾರಿಗೆ ತೋರಿಸಲು?

ಒಂದು ಸೋಮವಾರ ಹಾಗೆ ನೋಡಿದಾಗ ರಸ್ತೆಯಾಚೆಯ ಕಟ್ಟಡದಲ್ಲಿ ಹಲಗೆಯೊಂದು ತೂಗುತ್ತಿತ್ತು. ಬೆನ್ನು ನೋಡಿದರೇ ಗೊತ್ತಾಯಿತು.

ಆವತ್ತೇ ಬೆಳಿಗ್ಗೆ ಮೊದಲ ಪರದೆ ಅಚ್ಚಾಗಿ ಬಂದಿತ್ತು, ತಿಳಿನೀಲಿಯ ಮೇಲೆ ಬಿಳಿ ರೆಕ್ಕೆಗಳು. ಕುರ್ಚಿ ಹತ್ತಿ, ಚಿತ್ತಾರ ಹೊರಗೆ ಕಾಣುವಂತೆ ಕಿಟಕಿಗೆ ಕಟ್ಟಿ, ಪಕ್ಕದ ಕಿಟಕಿಯಲ್ಲಿ ನಿಂತೆ. ನಾಲ್ಕಾಯಿತು. ಬಿಸಿಲು ಬಿತ್ತು. ಅವನು ಬಕೆಟ್ಟಿಗೆ ಕೈ ಹಾಕಲು ತಿರುಗಿದವನು ಹಾಗೇ ನೋಡುತ್ತ ಕೂತುಬಿಟ್ಟ. ಆಮೇಲೆ ತನ್ನೆದುರಿನ ಗಾಜಿನ ಮೇಲೆ, ಸೋಪಿನ ನೊರೆಯಲ್ಲಿ, ಸೊಟ್ಟಸೊಟ್ಟಗೆ ಎರಡು ರೆಕ್ಕೆ ಬರೆದ.

ನಾಲ್ಕು ಮಹಡಿ ಓಡಿ ಇಳಿದು ರಸ್ತೆ ದಾಟಿದೆ. ಅವನೂ ಇಳಿದಿದ್ದ, ಕೈಯಲ್ಲಿನ್ನೂ ನೊರೆ.

"ಎಡಗಡೆ ಒಂದು ಗರಿ ಬಿಟ್ರಿ," ಎಂದೆ, ಏದುಸಿರಿನಲ್ಲಿ.

"ಮತ್ತೆ ಕಂಪ್ಲೇಂಟಾ?"

"ಹೌದು. ಸೋಮವಾರ ಮಾತ್ರ ಕಾಣಿಸ್ತೀರಿ ಅಂತ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಬರೆದುಕೊಡಿ. ಆ ಅಕ್ಷರ ಬಂದ್ರೆ ದಿನಾ ಬರ್ತೀನಿ."

ಬರೆದುಕೊಟ್ಟೆ. ಆ ಚೀಟಿ ಈಗಲೂ ಇವರ ಪೆಟ್ಟಿಗೆಯಲ್ಲಿದೆ.

ಅತ್ತಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಗೊಣಗುತ್ತಾರೆ: "ಊರಿನ ಗಾಜೆಲ್ಲ ತೊಳೆದವನ ಮನೆ ಕಿಟಕಿ ನೋಡು, ಬರೀ ಕೊಳೆ!" ಇವರು ಗಡಿಯಾರ ನೋಡಿ ಕಿಟಕಿಯ ಎದುರು ಅವರಿಗೊಂದು ಕುರ್ಚಿ ಎಳೆದು ಹಾಕುತ್ತಾರೆ.

"ಕೂತ್ಕೊಳ್ಳಿ ಅತ್ತಿಗೆ. ಇನ್ನೇನು, ನಾಲ್ಕಾಯ್ತು, ಬಿಸಿಲು ಬರುತ್ತೆ."