ನಯನಾಳ ಆಟ ನೋಡಿದವನು

"ಯಾಕ್ರೀ ಲೈವ್ ನಿಲ್ಲಿಸಿದ್ರಿ?"

ಮೊಣಕಾಲಿನ ರಕ್ತವನ್ನೂ ಒರೆಸಿಕೊಳ್ಳದೆ ನಯನಾ ಕ್ಯಾಮೆರಾ ಹಿಡಿದಿದ್ದವನೆದುರು ನಿಂತಿದ್ದಳು. ಅರಸೀಕೆರೆಯ ಕಬಡ್ಡಿ ಪಂದ್ಯಾವಳಿಯಲ್ಲಿ ಹಳೇಬೀಡಿನ ಹುಡುಗಿಯರ ತಂಡ ಆಗಷ್ಟೇ ಕಪ್ ಗೆದ್ದಿತ್ತು. ಅವಳೇ ನಾಯಕಿ.

ಯೂಟ್ಯೂಬ್ ಚಾನೆಲ್ ನಡೆಸುವ ಉದಯಕುಮಾರ್ ತಡವರಿಸಿದ. "ಗಂಡಸರ ಫೈನಲ್ ಐತಲ್ಲ ಮೇಡಂ... ಬ್ಯಾಟರಿ ಉಳಿಸ್ಕೋ ಅಂದ್ರು ಕಮಿಟಿಯೋರು."

"ನಮ್ದು ಫೈನಲ್ ಅಲ್ವಾ?"



ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ಸೊಂಟ ಮುರಿದು ಮನೆಯಲ್ಲೇ ಮಲಗಿದ್ದ ಅಮ್ಮ ರುಕ್ಮಿಣಮ್ಮ. "ನೀನು ರೈಡಿಗೆ ಹೋಗ್ತಿದ್ದಂಗೇ ನಿಂತೋಯ್ತು ಕಣೇ... ಏನಾಯ್ತು?"

"ಗೆದ್ವಿ ಅಮ್ಮ."



ಬಸ್ಸಿನಲ್ಲಿ ಅವಳ ತೊಡೆಯ ಮೇಲಿದ್ದ ಕಪ್ ನೋಡಿ ಪಕ್ಕದ ಹೆಂಗಸು ಕೇಳಿದಳು, "ತಮ್ಮಂಗೆ ಬಂತೇನವ್ವಾ?"

ನಯನಾ ಕಿಟಕಿಯತ್ತ ತಿರುಗಿಕೊಂಡಳು. ಗೆದ್ದ ದಿನವೂ ಇಷ್ಟೊಂದು ಒಂಟಿತನವೇ...

ವಾರ ಕಳೆದ ಮೇಲೆ ಹಳೇಬೀಡಿನ ಕೆರೆ ಪಕ್ಕದ ಮೈದಾನಕ್ಕೆ ಉದಯ್ ಬಂದ. ಕ್ಷಮೆ ಕೇಳಿದ. ಅಭ್ಯಾಸವನ್ನು ಚಿತ್ರೀಕರಿಸಿಕೊಂಡ. ಮತ್ತೆ ಬಂದ, ಮತ್ತೆ ಮತ್ತೆ ಬಂದ. ಅವನ ಬೈಕ್ ಕಾಣದ ಸಂಜೆ ಅವಳ ಕಣ್ಣು ರಸ್ತೆಯತ್ತ ಹೊರಳತೊಡಗಿತು.

ಆಮೇಲೆ ಅವನ ಚಾನೆಲ್ಲಿನಲ್ಲಿ ಒಂದು ವಿಡಿಯೊ ಬಂತು.

'ಕಬಡ್ಡಿ ಅಂಗಳದ ಅಪ್ಸರೆ!' ಅವಳು ಕೂದಲು ಕಟ್ಟುವುದು, ಬೆವರು ಒರೆಸುವುದು, ನಗುವುದು... ಒಂದೇ ಒಂದು ರೈಡ್ ಇರಲಿಲ್ಲ! ಊರೂರೇ ನೋಡಿತ್ತು. ಕಾಮೆಂಟುಗಳನ್ನು ಓದಲಾರದೆ ಅವಳು ಫೋನ್ ಬೋರಲು ಹಾಕಿದಳು.

"ಹಿಂಗಾದ್ರೂ ಜನ ನಿಮ್ಮನ್ನ ನೋಡ್ಲಿ ಅಂತ..." ಎಂದ ಉದಯ್.

"ನನ್ನ ನೋಡಿದ್ರು. ನನ್ನ ಆಟನ ಯಾರು ನೋಡಿದ್ರು? ಇನ್ಮೇಲೆ ಬರ್ಬೇಡಿ!"

ಅವನು ಬರಲಿಲ್ಲ. ಸಂಜೆಗಳು ಬರಿದಾದವು. 'ಬೈದು ಕಳಿಸಿದ್ದೂ ನಾನೇ. ಕಾಯ್ತಿರೋದೂ ನಾನೇನಾ?'

ಬೇಲೂರಿನ ಪಂದ್ಯಾವಳಿಯಲ್ಲಿ ಎರಡೂ ಫೈನಲ್ ಅಕ್ಕಪಕ್ಕದ ಅಂಕಣಗಳಲ್ಲಿ ಒಟ್ಟಿಗೇ ಶುರುವಾದವು. ಜನ, ತಮಟೆ, ಶಿಳ್ಳೆ ಎಲ್ಲ ಗಂಡಸರ ಕಡೆ. ಕೊನೆಯ ರೈಡಿನಲ್ಲಿ ನಯನಾ ಬಲಕ್ಕೆ ನುಗ್ಗಿದಳು... ಹಿಡಿದುಬಿಟ್ಟರು! ಪಂದ್ಯ ಕೈತಪ್ಪಿತು.

ಎದ್ದು ಮಣ್ಣು ಕೊಡವುವಾಗ ಕಂಡ, ಖಾಲಿ ಬೆಂಚುಗಳ ನಡುವೆ ಒಬ್ಬನೇ ನಿಂತ ಉದಯ್. ಕಾಮೆಂಟರಿ ಹೇಳಿ ಹೇಳಿ ಅವನ ಗಂಟಲು ಕಟ್ಟಿತ್ತು.

"ಗಂಡಸರ ಮ್ಯಾಚ್ ಬಿಟ್ಟು ನಮ್ದನ್ನೇ ಪೂರ್ತಿ ಲೈವ್ ಹಾಕವ್ನೆ ಕಣೇ," ಗೆಳತಿ ಸ್ವಾತಿ ಪಿಸುಗುಟ್ಟಿದಳು. "ಕಮಿಟಿಯೋರು ಇನ್ಮೇಲೆ ಬರ್ಬೇಡ ಅಂದ್ರಂತೆ. ಆ ವಿಡಿಯೊನೂ ನೀನು ಬೈದ ದಿನವೇ ತೆಗೆದಾಕಿದ್ನಂತೆ."

ನಯನಾ ಮೆಲ್ಲಗೆ ಅವನ ಹತ್ತಿರ ಹೋದಳು. ಸಮಾಧಾನ ಹೇಳುತ್ತಾನೇನೋ ಅಂದುಕೊಂಡಿದ್ದಳು.

"ಬಲಕ್ಕೆ ಯಾಕ್ರೀ ನುಗ್ಗಿದ್ರಿ? ಆ ಕಾರ್ನರ್‌ನೋಳು ಹಿಂದಿನ ಸಲಾನೂ ಅಲ್ಲೇ ನಿಮ್ಮ ಕಾಲು ಹಿಡಿದಿದ್ಲು! ಎಡಗಡೆ ಖಾಲಿ ಇತ್ತಲ್ಲ!"

ಅವಳನ್ನು ಮದುವೆ ಯಾವಾಗ, ಬಿಸಿಲಿಗೆ ಕಪ್ಪಾಗಲ್ವಾ ಎಂದು ಕೇಳಿದವರು ಬೇಕಾದಷ್ಟು ಮಂದಿ. ಬಲಕ್ಕೆ ಯಾಕೆ ನುಗ್ಗಿದೆ ಎಂದು ಈವರೆಗೆ ಯಾರೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ತಪ್ಪು ಮಾತಾಡಿದ್ನಾ? ನಯನಾ... ನೀವಂದ್ರೆ ನಂಗಿಷ್ಟ ಕಣ್ರೀ. ನೆಟ್ಟಗೆ ಹೇಳೋ ಧೈರ್ಯ ಇರ್ಲಿಲ್ಲ."

ಅವಳು ಮೂಗೊರೆಸಿಕೊಂಡಳು.

"ಎಡಗಡೆ ಖಾಲಿ ಇರ್ಲಿಲ್ಲ. ಬೇಕಂತ್ಲೇ ಬಿಟ್ಟಿದ್ರು, ನನ್ನ ಒಳಗೆ ಎಳ್ಕೊಳ್ಳಕ್ಕೆ."

"ಹೌದಾ? ಹೆಂಗೆ?"

ನಯನಾ ಬೆಂಚಿನ ಮೇಲೆ ಕುಳಿತು ಪಕ್ಕಕ್ಕೆ ಸರಿದಳು.

"ಬಾ, ಕೂತ್ಕೋ ಉದಯ್... ಹೇಳ್ತೀನಿ."