ಯಮನೂರನ ನಾನೂರು ಸಾಲು

ಗೋಣಿಚೀಲ ಹೊತ್ತು ಬಾಗಿಲಲ್ಲಿ ನಿಂತವನನ್ನು ಕಂಡು ದ್ರಾಕ್ಷಾಯಿಣಿಯ ಕೈ ಚಿಲಕದ ಮೇಲೇ ಉಳಿಯಿತು.

ಪರಮೇಶ! ಎರಡು ವರ್ಷ ಬರೀ ಇಮೇಲು, ವೀಡಿಯೊ ಫೋನು. ಮುಖಾಮುಖಿ ಇದೇ ಮೊದಲು... ಅದೂ ಜಗತ್ತಿನೆದುರು ತನಗೆ ‘ಬೇಡ’ ಎಂದ ಮೂರನೇ ದಿನ.

ಯಲಬುರ್ಗಾದಿಂದ ಕುಷ್ಟಗಿಗೆ ಬಸ್ಸಿನಲ್ಲಿ ಬಂದಿದ್ದ. ಅತ್ತೆ ಪಕ್ಕೀರವ್ವ ಚೀಲ ನೋಡಿ, "ಜ್ವಾಳ ತಂದೀರೇನ್ರಿ?" ಎಂದಳು.

"ಇಲ್ರಿ ಅವ್ವಾರ, ಕಂಪ್ಯೂಟರ್."

ದ್ರಾಕ್ಷಾಯಿಣಿ, ಪರಮೇಶ ಇಬ್ಬರ ಕೆಲಸವೂ ಒಂದೇ. ಹಳೆಯದೊಂದು ಆಪರೇಟಿಂಗ್ ಸಿಸ್ಟಮ್ಮಿನ ತಳಪಾಯವಾದ ಕರ್ನಲ್. ಅದಕ್ಕೆ ಹೊಸ ನೆಟ್‌ವರ್ಕ್ ಚೌಕಟ್ಟು ಕೂಡಿಸಲು ಅವಳು ಮೂರು ವರ್ಷ ದುಡಿದಿದ್ದಳು. ಒಪ್ಪುವುದು, ಬಿಡುವುದು ಅವನ ಹೊಣೆ; ಅದನ್ನು ಎಲ್ಲ ದೇಶದವರೂ ಓದುವ ಇಮೇಲಿನಲ್ಲೇ ಹೇಳಬೇಕು.

ಕಳೆದ ವಾರ ಅವನು ಮದುವೆಯ ಮಾತೆತ್ತಿದ್ದ. ಅವಳು ಬಾಯಿಬಿಟ್ಟು ಉತ್ತರಿಸಲಿಲ್ಲ. ಅವನ ಒಪ್ಪಿಗೆಗೆ ಕಳಿಸಿದ ಕಂಪ್ಯೂಟರ್ ಕೋಡಿನಲ್ಲಿ ಹಳೆಯ ನಾನೂರು ಸಾಲು ಅಳಿಸಿದಳು. ಆರು ವರ್ಷದ ಹಿಂದೆ ತೀರಿಹೋದ ಗಂಡ ಯಮನೂರ, ಹಳೆಯ ಯಂತ್ರಗಳೂ ನೆಟ್‌ವರ್ಕಿಗೆ ಸೇರಲೆಂದು ಅದೇ ಕರ್ನಲ್ಲಿಗೆ ಬರೆದ ಸಾಲುಗಳು. ‘ಇನ್ನು ಯಾರಿಗೆ ಬೇಕು? ಹೊಸ ಮನೆಗೆ ಹಳೆಯದನ್ನು ಹೊತ್ತು ಹೋಗಬಾರದು...’ ಅದೇ ಅವಳ ಒಪ್ಪಿಗೆಯಾಗಿತ್ತು.

ಬಂದ ಉತ್ತರ ಒಂದೇ ಸಾಲು: ಇದನ್ನು ಸ್ವೀಕರಿಸಲಾರೆ.

ಆಮೇಲೆ ಅವಳು ಅವನ ಫೋನು ಎತ್ತಲಿಲ್ಲ. ‘ಬೇಡವಾದದ್ದು ಕೋಡಲ್ಲ, ನಾನು...’

ತನ್ನ ಹೊಲದ ಮಳೆಯ ಲೆಕ್ಕ ಕಳಿಸುವ ಹಳೆಯ ಕಂಪ್ಯೂಟರನ್ನು ಪರಮೇಶ ಚೀಲದಿಂದ ತೆಗೆದು ಜೋಡಿಸಿದ. ಅವಳ ಕೋಡು ಹಾಕಿದ. ನೆಟ್‌ವರ್ಕಿನ ದೀಪ ಆರಿತು. ಯಮನೂರನ ಸಾಲುಗಳನ್ನು ಮರಳಿ ಸೇರಿಸಿದ. ಹಸಿರು ದೀಪ ಮಿಣುಕಿತು.

ಅವಳು ಆ ದೀಪದತ್ತ ಬಾಗಿದಳು. ತಾನು ಹೂಳಲು ಹೊರಟಿದ್ದು ಇನ್ನೂ ಉಸಿರಾಡುತ್ತಿತ್ತು!

"ನಡಿಯೋದನ್ನ ಮುರದು ಹೊಸದು ಕಟ್ಟಬಾರದು, ಇದು ನಮ್ಮ ಕೆಲಸದ ನೇಮ" ಎಂದ ಮೆಲ್ಲಗೆ. "ನಿಮಗೂ ಗೊತ್ತೈತಿ. ಯಾಕ ಅಳಸಿದ್ರಿ?"

"ನಿಮಗ ಹೂಂ ಅನ್ನಾಕ."

ಅವನು ತಬ್ಬಿಬ್ಬಾದ. ಆ ಹಸಿರು ದೀಪ ತೋರಿಸಿ, "ನನ್ನ ಸಲುವಾಗಿ ಅವರನ್ನ ಅಳಸಬ್ಯಾಡ್ರಿ... ಅವರು ಇರ್ಲಿ. ಬಾಜೂಕ ನಿಮ್ಮದೂ ಇರ್ಲಿ" ಎಂದ.

ಪಕ್ಕೀರವ್ವ ಸೆರಗಿನಿಂದ ಆ ಕಂಪ್ಯೂಟರಿನ ಧೂಳು ಒರೆಸುತ್ತಿದ್ದಳು, ಶಾಲೆಯಿಂದ ಬಂದ ಮಗನ ಮುಖ ಒರೆಸಿದ ಹಾಗೆ.

ದ್ರಾಕ್ಷಾಯಿಣಿ ಕೀಬೋರ್ಡ್ ಎಳೆದುಕೊಂಡಳು. ನಾನೂರು ಸಾಲು ಇದ್ದಲ್ಲೇ ಬಿಟ್ಟು, ತನ್ನದನ್ನು ಪಕ್ಕದಲ್ಲಿ ಕೂಡಿಸಿದಳು. ಊಟದ ಹೊತ್ತು ಮೀರಿತು. ಕೊನೆಗೆ ಚಾಲೂ ಮಾಡಿದಾಗ ಹಸಿರು ಆರಲಿಲ್ಲ.

"ಎಲ್ಲಾರೂ ಓದೋ ಇಮೇಲ್‌ನಾಗ ಹೂಂ ಅಂತ ಬರೀಲೇನ್ರಿ?" ಅವನು ಕೇಳಿದ.

"ಕೋಡಿಗೆ ಅಲ್ಲಿ ಬರೀರಿ. ನನಗ ಇಲ್ಲೇ ಹೇಳ್ರಿ..."

"ಹೂಂ."