ತಪ್ಪು ಅಂದಾಜು

ಬಸವಪ್ರಸಾದ ಸರ್ ಖಾನಾಪುರದಲ್ಲೇ ರೂಮು ಹಿಡಿದರೆ ಸಂಜೆಯ ಬಸ್ಸಿನಲ್ಲಿ ತನ್ನ ಪಕ್ಕ ಇನ್ನು ಯಾರು ಕೂರುತ್ತಾರೆ? ನಿಖಿತಾ ಈ ಚಿಂತೆಯನ್ನು ತನಗೆ ತಾನೇ ಒಪ್ಪಿಕೊಂಡದ್ದು ಸ್ಟಾಫ್ ರೂಮಿನಲ್ಲಿ, ಸುದ್ದಿ ಕೇಳಿ ಕೈಯಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತಾಗ.

ಇಬ್ಬರೂ ಬೆಳಗಾವಿಯಿಂದ ಖಾನಾಪುರದ ಒಂದೇ ಹೈಸ್ಕೂಲಿಗೆ ಬಂದುಹೋಗುವವರು. ಅವಳದು ಕನ್ನಡ, ಅವನದು ವಿಜ್ಞಾನ. ಅವನ ಕ್ಲಾಸಿನಲ್ಲೊಂದು ಪದ್ಧತಿಯಿತ್ತು: ಪುಸ್ತಕ ತೆರೆಯುವ ಮೊದಲೇ ಮಕ್ಕಳು ಉತ್ತರವನ್ನು ಅಂದಾಜಿನಲ್ಲಿ ಹೇಳಬೇಕು.

"ತಪ್ಪಿದ್ರೂ ಛಲೋನ," ಎನ್ನುತ್ತಿದ್ದ. "ಒಮ್ಮೆ ತಪ್ಪು ಅಂದಾಜು ಮಾಡಿದ ಮೆದುಳು ಸರಿ ಉತ್ತರಕ್ಕ ಬಾಗಲಾ ತೆಗದು ಕುಂದರತೈತಿ. ಆಮ್ಯಾಲ ಬಂದಿದ್ದು ಜಲ್ದಿ ಮರಿಯಂಗಿಲ್ಲ."

ಗೋಡೆಯಾಚೆಯಿಂದ ಆ ದನಿ ಕೇಳಿದಾಗಲೆಲ್ಲ ನಿಖಿತಾಳ ಕೈಯ ಚಾಕ್‌ಪೀಸು ಅರೆಗಳಿಗೆ ನಿಲ್ಲುತ್ತಿತ್ತು. ತಪ್ಪಾದೀತೆಂದು ಎಂದೂ ಕೈ ಎತ್ತದೆ ಓದು ಮುಗಿಸಿದ ಹುಡುಗಿ ಅವಳು.

ಆ ಚಳಿಗಾಲದ ಸಂಜೆ ಬಸ್ಸು ಊರು ದಾಟುವಷ್ಟರಲ್ಲಿ ಕತ್ತಲಾಯಿತು. ಒಳಗೆ ಹಳದಿ ದೀಪ, ಹೊರಗೆ ಮಂಜು. ಮುಚ್ಚಿದ ಗಾಜಿನಲ್ಲಿ ಎರಡೂ ಒಂದರೊಳಗೊಂದು ಕರಗುತ್ತಿದ್ದವು. ಅವಳು ಎಂದಿನಂತೆ ಕಿಟಕಿಯ ಕಡೆ ತಿರುಗಿದಳು.

"ರೂಮಿನ ಮಾಲಕರಿಗೆ ನಾಳಿ ಹೂಂ ಅನ್ನಬೇಕ್ರಿ," ಅಂದ ಅವನು. "ನಾ ಯಾಕ ಹೊಂಟೀನಿ? ಅಂದಾಜು ಹೇಳ್ರಿ, ಮೇಡಂ."

"ನಾ ಏನ್ ನಿಮ್ಮ ಸ್ಟೂಡೆಂಟ್ ಏನ್ರಿ?"

"ಸ್ಟೂಡೆಂಟ್ ಆಗಿದ್ರ ಇಷ್ಟೊತ್ತಿಗೆ ನಾಕು ತಪ್ಪು ಹೇಳಿರ್ತಿದ್ರಿ!"

ಅವಳಿಗೆ ನಗು ತಡೆಯಲಾಗಲಿಲ್ಲ. "ಬಸ್ಸಿನ ಗದ್ಲಕ್ಕ?"

"ತಪ್ಪು."

"ಖಾನಾಪುರದ ಚಹಾಕ್ಕ?"

"ಪೂರಾ ತಪ್ಪು." ಅವನೂ ನಕ್ಕ. ಆಮೇಲೆ ದನಿ ತಗ್ಗಿತು. "ದಿನಾ ಬಾಜೂಕ ಬಂದು ಕುಂದರತೀನಿ. ನೀವು ಕಿಟಕಿ ಕಡೆ ಹೊಳ್ಳಿದ್ರ ಬೆಳಗಾವಿ ಬರೂತನಕಾ ಇತ್ಲಾಗ ನೋಡಂಗಿಲ್ಲ. ನನ್ನಿಂದ ನಿಮಗ ತ್ರಾಸ ಆಗಾಕತ್ತೈತಿ ಅಂತ ತಿಳ್ಕೊಂಡೆ."

ದೇಸೂರಿನ ದೀಪಗಳು ಹಿಂದೆ ಸರಿದವು. ಗಾಜಿನಲ್ಲಿ ಒಂದು ಮುಖ ಬಾಡಿತು.

ನಿಖಿತಾ ಗಾಜು ಬಿಟ್ಟು ಇತ್ತ ತಿರುಗಿದಳು. ಆ ಕಣ್ಣುಗಳು ಇಷ್ಟು ಹತ್ತಿರವಿದ್ದವೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ಸರ್, ನಿಮ್ಮ ಅಂದಾಜೂ ತಪ್ಪೈತಿ."

"ಹಂಗಾದ್ರ ಸರಿ ಉತ್ತರ ಹೇಳ್ರಿ."

ಅವನು ಕ್ಲಾಸಿನಲ್ಲಿ ಕಾಯುವಂತೆಯೇ, ಅವಸರವಿಲ್ಲದೆ ಕಾದ.

"ಕತ್ತಲಾದ ಮ್ಯಾಲ ಹೊರಗ ಏನ್ ಕಾಣತೈತ್ರಿ?" ಅಂದಳು. "ಗಾಜಿನ್ಯಾಗ ನೀವು ಕಾಣ್ತೀರಿ. ನಾ ದಿನಾ ನೋಡೂದು ನಿಮ್ಮನ್ನ."